ದ್ವೀಪದಲ್ಲಿ ಲಿಫ್ಟ್ ಇದೆಯಾ?

ಮನೆಯಿಂದ,
ಭಾನುವಾರ, ಮೇ ೧೨

ಪ್ರೀತಿಯ ಪುಟ್ಟೀ,

ಹೇಗಿದ್ದೀಯಾ? ಆಸ್ಪತ್ರೆಯ ರಾತ್ರಿ ಡ್ಯೂಟಿ ಮುಗಿಸಿ ಏನಾದರೂ ತಿಂದು ಮಲಗುತ್ತೀಯೋ, ರೋಗಿಗಳಿಗೆಲ್ಲ ಉಪದೇಶ ಮಾಡಿ ನೀನು ಮಾತ್ರ ಹಸಿದುಕೊಂಡೇ ಮಲಗುತ್ತೀಯೋ? ನಾನು ಚೆನ್ನಾಗಿದ್ದೇನೆ. ಮೊಣಕಾಲು ನೋವು ಹಾಗೇ ಇದೆ. ನಿನ್ನೊಬ್ಬಳನ್ನು ಬಿಟ್ಟು ಯಾರಿಗೂ ಹೇಳಿಲ್ಲ, ನೀನೂ ಬಾಯಿ ಬಿಡಬೇಡ. ನಿಮ್ಮಪ್ಪನೂ ಚೆನ್ನಾಗಿದ್ದಾರೆ, ಕೆಟ್ಟಿರುವುದು ನನ್ನ ತಲೆ ಮಾತ್ರ. ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತಾರೆ, ಅದಕ್ಕೇ ಈ ಕಾಗದ.

ನಿಮ್ಮಪ್ಪ ಕೆಲಸದಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾ ಅಲ್ಲೇ ತಲೆಸುತ್ತಿ ಬಿದ್ದರಲ್ಲ, ಆಗ ಡಾಕ್ಟರು, 'ಕೆಲಸ ಬಿಟ್ಟು ಸ್ವಲ್ಪ ದಿನ ಎಲ್ಲಾದ್ರೂ ಹೋಗಿ ಬನ್ನಿ, ಇನ್ನೊಂದ್ಸಲ ಹೀಗಾದ್ರೆ ಹೃದಯ ತಡಿಯಲ್ಲ' ಎಂದರು. ನೀನೋ, 'ದ್ವೀಪಕ್ಕೆ ಹೋಗಿ ತೆಂಗಿನ ಮರದ ಕೆಳಗೆ ಹಾಯಾಗಿ ಬಿದ್ಕೊಂಡು ಬನ್ನಿ' ಎಂದೆ. ಹಾಯಂತೆ ಹಾಯಿ! ನಾನು ತೋರಿಸಿದ ಮೊದಲ ದ್ವೀಪದಲ್ಲಿ ಬಂಡೆಯ ಮೇಲೆ ಮುದ್ದಾದ ಮನೆಗಳು. ಮಂಚದಲ್ಲಿ ಮಲಗಿದ್ದ ಹಾಗೇ ಸಮುದ್ರ ಕಾಣಬೇಕೆಂದು ನನಗೆ ಎಂದಿನಿಂದಲೋ ಆಸೆ. ಈ ಮನುಷ್ಯ ಚಿತ್ರ ನೋಡಿ ಕೇಳಿದ್ದು ಒಂದೇ ಮಾತು, 'ಲಿಫ್ಟ್ ಇದ್ಯಾ?' ಎರಡನೆಯದಕ್ಕೂ ಅದೇ ರಾಗ. ಮೂರನೆಯ ದ್ವೀಪದ ಲಾಡ್ಜಿನಲ್ಲಿ ಲಿಫ್ಟ್ ಇತ್ತು ನೋಡು, ಮುಖ ಅರಳಿತು. ಲಾಡ್ಜಿನ ಹೆಂಗಸಿಗೆ ಫೋನ್ ಮಾಡಿ, ಮೋಟಾರು ಯಾವ ಕಾಲದ್ದು, ಹಗ್ಗ ಯಾವಾಗ ಬದಲಾಯಿಸಿದ್ದು ಎಂದು ಆಕೆಯ ಪ್ರಾಣ ತಿಂದರು. ನಾನು ನಾಚಿಕೆಯಿಂದ ಅಡುಗೆಮನೆಗೆ ಹೋಗಿಬಿಟ್ಟೆ.

ಸುಮ್ಮನಿರುವುದು ಅಭ್ಯಾಸವಾಗಲಿ ಎಂದು ನಿನ್ನೆ ಬಾಲ್ಕನಿಯಲ್ಲಿ ಕೂರಿಸಿದೆ. ಚಹಾ ತರುವಷ್ಟರಲ್ಲಿ ಕುರ್ಚಿಯನ್ನೇ ಬೋರಲು ಹಾಕಿ ಕಾಲು ಬಿಗಿ ಮಾಡುತ್ತಿದ್ದರು! ಬೆಳಿಗ್ಗೆ ಸೂಟ್‌ಕೇಸ್ ತೆಗೆದರೆ ನನ್ನ ಹೊಸ ಬಟ್ಟೆಗಳ ಅಡಿಯಲ್ಲಿ, ಟವೆಲ್ಲಿನಲ್ಲಿ ಸುತ್ತಿದ ಸ್ಪ್ಯಾನರು, ಟೆಸ್ಟರು, ಎಣ್ಣೆ ಡಬ್ಬಿ. ಎಲ್ಲ ತೆಗೆದು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದೇನೆ. ಇಂಥವರನ್ನು ಕಟ್ಟಿಕೊಂಡು ನಾನು ಯಾವ ದ್ವೀಪದಲ್ಲಿ ಹಾಯಾಗಿರಲಿ, ಹೇಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಯಿಂದ ನಾಲ್ಕು ಜನಕ್ಕೆ ಗುಣವಾಗಲಿ, ನೀನೂ ಚೆನ್ನಾಗಿರು.

ಇಂತಿ,
ನಿನ್ನ ಬೇಸತ್ತ ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಲಾಡ್ಜಿನ ಹೆಂಗಸಿನ ಫೋನ್ ಬಂತು. 'ಅಮ್ಮಾ, ನಿಮ್ಮ ಯಜಮಾನ್ರು ಮೇಲಿನ ರೂಮೇ ಬೇಕು ಅಂದಿದ್ರು. “ನನ್ನ ಹೆಂಡ್ತಿಗೆ ಮಂಚದಿಂದಾನೇ ಸಮುದ್ರ ಕಾಣ್ಬೇಕು, ಮಂಡಿ ನೋವು, ಮೆಟ್ಟಿಲು ಹತ್ತಕ್ಕಾಗಲ್ಲ, ಲಿಫ್ಟ್ ಕೆಟ್ರೆ ನಾನೇ ಸರಿ ಮಾಡ್ತೀನಿ” ಅಂದ್ರು. ಅದು ಆಗಾಗ ಕೆಡತ್ತೆ, ಅದಕ್ಕೇ ಕೇಳ್ತಿದ್ದೀನಿ, ಕೆಳಗಡೆ ರೂಮ್ ಕೊಡ್ಲಾ? ಸಮುದ್ರ ಮಾತ್ರ ಕಾಣಲ್ಲ' ಎಂದಳು. ಕೆಳಗಿನದನ್ನೇ ಕೊಡಮ್ಮ ಎಂದೆ. ಇದನ್ನು ನಿಮ್ಮಪ್ಪನಿಗೆ ನೀನೇ ಫೋನ್ ಮಾಡಿ ಹೇಳು. ನಾನು ಹೇಳಲು ಹೋದರೆ ಅತ್ತುಬಿಡುತ್ತೇನೆ, ಆಮೇಲೆ ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.