ನನ್ನ ಪಾಲಿನ ದನಿ

ಕಾರ್ಬನ್ ಫೋರ್ಕ್, ಕೆಂಟಕಿ
ಮೇ ೨೧, ೧೯೮೭

ತಮ್ಮ ಡೆಲ್ಮರ್‌ಗೆ,

ಆಮೇಲೆ ಇನ್ನೂ ಒಂದು ಮಾತಿತ್ತು. ನಿನ್ನೆ ನಾನು ಫೋನು ಕುಕ್ಕಿದ್ದರಿಂದ ನಿನಗದು ಕೇಳಿಸಲಿಲ್ಲ: ಆ ಹಾಡು ನಿನ್ನದಲ್ಲ. ಈಸ್ಟರಿಗೆ ನೀನು ಬರೆದ ಕಾಗದಕ್ಕೆ ಇಷ್ಟು ದಿನ ಉತ್ತರ ಕೊಡದೆ ಕೂತದ್ದು ತಪ್ಪು, ಒಪ್ಪಿದೆ. ಮಂಡಿನೋವು ಹೇಗಿದೆ? ನಾನು ಚೆನ್ನಾಗಿದ್ದೇನೆ. ಹುರುಳಿಕಾಯಿ ಬಳ್ಳಿಗೆ ಕೋಲು ನೆಟ್ಟಾಯಿತು.

ಭಾನುವಾರ ಸಮಾಧಿಗಳಿಗೆ ಹೂವಿಡುವ ದಿನವಲ್ಲವೇ, ನಿನ್ನೆ ಬೆಳಿಗ್ಗೆ ಗುದ್ದಲಿ ಹಿಡಿದು ಗುಡ್ಡ ಹತ್ತಿದ್ದೆ. ಅಪ್ಪ ಅಮ್ಮನ ಸಮಾಧಿಯ ಹುಲ್ಲು ಕೆರೆದೆ. ನನ್ನ ಲೂರೀನಳದಕ್ಕೆ ಹೊಸ ಮಣ್ಣು ಏರಿಸಿದೆ. ಕಲ್ಲಿನ ಮೇಲೆ ಅವಳ ಪಕ್ಕದಲ್ಲೇ ನನ್ನ ಹೆಸರು, ಹುಟ್ಟಿದ ವರ್ಷ ಎಲ್ಲ ಕೆತ್ತಿ ಆಗಿದೆ, ಕೊನೆಯ ವರ್ಷವೊಂದು ಬಾಕಿ. ಅಲ್ಲಿಗೆ ಪಾದ್ರಿ ಬಂದ. "ಆರ್ವಿಲಣ್ಣ, ನೀವೂ ಲೂರೀನಕ್ಕನೂ ಹಾಡ್ತಿದ್ರಲ್ಲ, ಆ ಹಾಡನ್ನ ಈ ಸಲ ಸಮಾಧಿ ಹತ್ರ ಡೆಲ್ಮರ್ ಹಾಡ್ತಾನಂತೆ. ಊಟಕ್ಕೆ ಮುಂಚೆ ಇಟ್ಕೊಂಡಿದೀವಿ" ಅಂದ. ಊರಿಗೆಲ್ಲ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ! ನನ್ನನ್ನೊಂದು ಮಾತು ಕೇಳಿದೆಯಾ?

"ರೇಡಿಯೋದಲ್ಲಿ ದಿನಾ ಬರೋ ಹಾಡು, ಯಾರಪ್ಪನ ಮನೆ ಗಂಟು?" ಅಂತ ಫೋನಿನಲ್ಲಿ ಅಂದೆಯಲ್ಲ, ಕೇಳು. ಕಾಲೇಜಿನಲ್ಲಿ ಒಂದೂವರೆ ವರ್ಷ ಇಂಗ್ಲಿಷ್ ಕವಿತೆ ಓದಿದವನು ನಾನು. ಸತ್ತವರ ಮೇಲಿನ ಪದ್ಯಕ್ಕೆ ಮೇಷ್ಟ್ರು ಒಂದು ಹೆಸರು ಹೇಳುತ್ತಿದ್ದರು, ಎಲಿಜಿಯೋ ಎಕ್ಲಾಗೋ, ಎರಡರಲ್ಲಿ ಒಂದು ಕುರಿ ಕಾಯುವವರದು. ಹಾಳಾಗಲಿ. ಆ ಪದ್ಯಗಳ ಮುಂದೆ ಇದೇನು ಹಾಡು? ಹೊಳೆ ದಾಟುವಾಗ ಕೈ ಬಿಡೆ, ತಲೆ ನರೆತರೂ ಪಕ್ಕ ಬಿಡೆ, ಇಷ್ಟೇ. ಆದರೆ ನಲವತ್ತೊಂದು ವರ್ಷ ಪ್ರತಿ ಶನಿವಾರ ಸಂಜೆ ಸ್ಕೂಲಿನ ಹಾಲ್‌ನಲ್ಲಿ ನಾವಿಬ್ಬರೂ ಅದನ್ನು ಹಾಡಿದ್ದೇವೆ. ಮೊದಲ ಸಾಲು ನನ್ನದು. ಪಲ್ಲವಿಗೆ ಬಂದಾಗ ಅವಳ ದನಿ ನನ್ನ ದನಿಯ ಹೆಗಲ ಮೇಲೆ ಹತ್ತಿ ಕೂರುತ್ತಿತ್ತು. ನನ್ನ ಪಾಲಿನದನ್ನು ಇನ್ನೊಬ್ಬ ಹಾಡುವುದೆಂದರೆ ನನ್ನ ಹಾಸಿಗೆಯಲ್ಲಿ ಮಲಗಿದ ಹಾಗೆ. ಕೆಟ್ಟ ಮಾತು, ಗೊತ್ತು. ಹೊಡೆದು ಹಾಕುವುದಿಲ್ಲ, ಇರಲಿ.

ಒಂದೇ ಹೊಟ್ಟೆಯ ದನಿಗಳು ಅಂತ ಜನ ನಿನ್ನನ್ನೂ ನನ್ನನ್ನೂ ಹೊಗಳುತ್ತಿದ್ದರು. ನಮ್ಮಲ್ಲೊಬ್ಬ ಜಗಲಿಯ ಮೇಲೆ ಹಾಡುತ್ತಿದ್ದರೆ ಅಮ್ಮ ಒಳಗಿನಿಂದ, "ಅದ್ಯಾವನೋ ಹಾಡ್ತಿರೋದು? ಯಾವನಾದ್ರೂ ಸರಿ, ಸೌದೆ ತಗೊಂಡ್ಬಾ!" ಅನ್ನುತ್ತಿದ್ದಳು. ಆಗ ನಗುತ್ತಿದ್ದೆ. ಲೂರೀನ ಇದ್ದ ಆರೈಕೆ ಮನೆಯ ನರ್ಸಮ್ಮ ಕಳೆದ ವರ್ಷ ಅಂಗಡಿಯಲ್ಲಿ ಸಿಕ್ಕಿ, "ನಿಮ್ ತಮ್ಮನ ದನಿ ಥೇಟ್ ನಿಮ್ದೇ ಕಣ್ರೀ! ಲೂರೀನಮ್ಮಂಗೆ ಬೇರೆಲ್ಲ ಮರ್ತೋಗಿದೆ, ಅವ್ರ ಜೊತೆ ಹಾಡೋಕೆ ಮಾತ್ರ ಒಂದು ಪದಾನೂ ತಪ್ಪಲ್ಲ" ಅಂದಾಗ ನಗು ಬರಲಿಲ್ಲ.

ಪ್ರತಿ ಭಾನುವಾರ ಗಿಟಾರ್ ಹೊತ್ತು ಹೋಗು ಅಂತ ನಿನಗೆ ಯಾರು ಹೇಳಿದ್ದರು? "ಅತ್ತಿಗೆ ನಗ್ತಿದ್ಲು ಅಣ್ಣ, ಅಷ್ಟು ಸಾಕಾಗಿತ್ತು ನಂಗೆ. ಕೊನೇ ಏಳು ವಾರ ನೀನು ಆ ಕಡೆ ತಲೆನೇ ಹಾಕ್ಲಿಲ್ವಲ್ಲ" ಅಂತ ನಿನ್ನೆ ಚುಚ್ಚಿದೆ. ಟ್ರಕ್ಕಿನ ಗೇರು ಮುರಿದಿತ್ತು ಅಂತ ಎಷ್ಟು ಸಲ ಹೇಳಲಿ? ಅದಕ್ಕೇ ಫೋನು ಕುಕ್ಕಿದ್ದು.

ಇನ್ನೂ ಬೈಯಬೇಕಿತ್ತು. ಬೆಳಕು ಹೋಗುತ್ತಿದೆ, ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿವೆ. ದೇವರು ನಿನ್ನನ್ನೂ ಮಕ್ಕಳನ್ನೂ ಚೆನ್ನಾಗಿಟ್ಟಿರಲಿ. ಮಂಡಿಗೆ ಬಿಸಿನೀರಿನ ಶಾಖ ಕೊಡು.

ನಿನ್ನ ಅಣ್ಣ,
ಆರ್ವಿಲ್

ತಾ.ಕ.: ಗೇರು ಮುರಿದಿರಲಿಲ್ಲ. ಆ ಏಳು ವಾರಕ್ಕೆ ಮುಂಚಿನ ಶನಿವಾರ ನಾನು ಅವಳಿಗೆ ಸೂಪು ಕುಡಿಸುತ್ತಿದ್ದೆ. "ಒಲೆ ರಿಪೇರಿಗೆ ಬಂದೋನಾ ನೀನು? ನಮ್ಮನೆಯವ್ರು ಬರ್ಲಿ ಇರು" ಅಂದಳು. ಮಾರನೆಯ ದಿನ ಮತ್ತೆ ಹೋದೆ. ಒಳಗೆ ನೀನಿದ್ದೆ, ನಾನು ಬಾಗಿಲಲ್ಲೇ ನಿಂತೆ. ಹಾಡು ಮುಗಿದ ಮೇಲೆ ಅವಳು ನಿನ್ನ ಕೆನ್ನೆ ಮುಟ್ಟಿ, "ಆರ್ವಿಲ್, ಎಲ್ಲಿ ಹೋಗ್ಬಿಟ್ಟಿದ್ದೆ ಇಷ್ಟು ದಿನ?" ಅಂದಳು. ನೀನು, "ಇಲ್ಲೇ ಇದ್ದೆ ಕಣೇ" ಅಂದೆ. ಅವಳ ಮುಖ ಅರಳಿದ್ದನ್ನು ನೋಡಿ ನನಗೆ ಒಳಗೆ ಹೋಗಲಾಗಲಿಲ್ಲ. ಆಮೇಲೆ ಎಂದೂ ಹೋಗಲಾಗಲಿಲ್ಲ. ಭಾನುವಾರ ಬಾ, ಗಿಟಾರ್ ನುಡಿಸು. ಬಾಯಿ ಮಾತ್ರ ತೆರೆಯಬೇಡ.