ಜೈಲ್‌ಮನೆಯ ಕಲ್ಲು

ಜುಲೈ 27, ಭಾನುವಾರ

ಡೈರಿಗೆ ಹಾಲು ಹಾಕಿ ಬಂದೆ. ಭಾನುವಾರ ಹಸುವಿಗೂ ರಜವಿಲ್ಲ, ನನಗೂ ಇಲ್ಲ. ಇವರು ಬೆಳಿಗ್ಗೆಯಿಂದ ಫೋನಿನಲ್ಲೇ. ಆಗಸ್ಟ್ ಹದಿನೈದಕ್ಕೆ ಊರ ಮುಂದೆ ಸ್ವಾತಂತ್ರ್ಯದ ಕಲ್ಲು ನಿಲ್ಲಿಸುತ್ತಾರಂತೆ. ಅದರ ಮೇಲೆ ಇವರ ತಾತ ಮುದ್ದಯ್ಯನವರ ಹೆಸರು. ಏನು ಕೆತ್ತಬೇಕೆಂದು ಬರೆದುಕೊಡುವ ಕೆಲಸ ನನ್ನ ತಲೆಗೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಸೊಸೆ ಮನೆಯಲ್ಲೇ ಇರುವಾಗ ಬೇರೆಯವರೇಕೆ ಎಂದು ಅತ್ತೆ.

ನಮ್ಮದು ಜೈಲ್‌ಮನೆ. ಸಂಬಂಧ ಬಂದಾಗ ನಾಗಮಂಗಲದಲ್ಲಿ ಅಪ್ಪ ಹೌಹಾರಿದ್ದರು — ಯಾವ ಕಳ್ಳರ ಮನೆಯೋ ಎಂದು. ಆಮೇಲೆ ಗೊತ್ತಾಯಿತು. ಚಳವಳಿಯ ಕಾಲದಲ್ಲಿ ಊರು ಕಳ್ಳು ಬಿಡಲಿ ಎಂದು ಈಚಲು ಮರ ಕಡಿದು ಮುದ್ದಯ್ಯನವರು ಜೈಲಿಗೆ ಹೋಗಿದ್ದರು. ಶೀಳನೆರೆ ಬಸ್ಸಿನ ಕಂಡಕ್ಟರಿಗೂ ಗೊತ್ತು. ಅದರ ದೆಸೆಯಿಂದ ಒಮ್ಮೊಮ್ಮೆ ಸೀಟು ಸಿಗುತ್ತದೆ.

ಕೆರೆ ಏರಿಯ ಕೆಳಗೆ ಇನ್ನೊಂದು ಮನೆ. ಸೊಂಟಮುರುಕನ ಮನೆ. ಅಲ್ಲಿಯ ಹೊನ್ನಪ್ಪ ಮಾಕವಳ್ಳಿ ಕಾರ್ಖಾನೆಗೆ ಟ್ರಾಕ್ಟರಿನಲ್ಲಿ ಕಬ್ಬು ಹೊಡೆಯುತ್ತಾನೆ. ಹಿಂದಿನವರು ಸೋಮಾರಿಗಳಾಗಿದ್ದರು, ಅದಕ್ಕೇ ಆ ಹೆಸರು ಎಂದು ಊರು ನಗುತ್ತದೆ. ನಾನೂ ನಕ್ಕಿದ್ದೇನೆ.

ಆಗಸ್ಟ್ 1

ಊಟದ ಬಿಡುವಿನಲ್ಲಿ ಹೊನ್ನಪ್ಪ ಸ್ಕೂಲಿನ ಗೇಟಿಗೆ ಬಂದಿದ್ದ. ಒಳಗೆ ಬಾ ಎಂದರೂ ಬರಲಿಲ್ಲ. ಕಲ್ಲಿಗೆ ಬರೆಯುವವಳು ನಾನೇ ಎಂದು ಕೇಳಿ ಬಂದನಂತೆ. ಅವನ ತಾತ ಕುಳ್ಳಯ್ಯ ಕಳ್ಳು ಇಳಿಸುತ್ತಿದ್ದವನು. ಮುದ್ದಯ್ಯನವರ ಗುಂಪು ಬಂದಾಗ ಇದೊಂದು ಮರ ಬಿಡಿ ಎಂದು ಹತ್ತಿ ಕೂತನಂತೆ.

"ಮ್ಯಾಲಿದ್ದಂಗೇ ಕಡುದ್ರು ಮೇಡಂ. ಸೊಂಟ ಮುರ್ದು ಮಲಗ್ದೋನು ಏಳ್ನೇ ಇಲ್ಲ. ಅವತ್ತಿಂದ ನಿಮ್ದು ಜೈಲ್‌ಮನೆ ಆಯ್ತು, ನಮ್ದು ಸೊಂಟ್‌ಮುರ್ಕನ್ ಮನೆ ಆಯ್ತು."

ಮಧ್ಯಾಹ್ನ ಒಂಬತ್ತನೇ ತರಗತಿಗೆ ಪಾಠ ಮಾಡಿದೆ. ಏನು ಮಾಡಿದೆನೋ...

ಆಗಸ್ಟ್ 3, ಸಂಜೆ

ಮಾವನನ್ನು ಕೇಳಿಯೇಬಿಟ್ಟೆ. ಮುದ್ದಯ್ಯನವರ ಮಗ. ಅವರಲ್ಲದೆ ಹೇಳುವವರು ಯಾರೂ ಉಳಿದಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು.

"ಇಳೀಲಾ ಅಂದ್ರಂತೆ. ಇಳೀನಿಲ್ಲ. ನಮ್ಮಪ್ಪ ಕೊಡ್ಲಿ ನಿಲ್ಸ್ನಿಲ್ಲ ಕಣವ್ವ. ಮರ ಬಿದ್ದಾಗ ಜೈ ಅಂತ ಕೂಗ್ದೋರು ಕೂಗ್ತಾನೇ ಇದ್ರಂತೆ. ಜೈಲಿಂದ ಬಂದ್ಮೇಲೆ ಅಪ್ಪ ಯಾರ್ ಕುಟೂ ಸರ್ಯಾಗ್ ಮಾತಾಡ್ನಿಲ್ಲ."

ಹಾಗಾದರೆ ಕಲ್ಲಿನ ಮೇಲೆ ಇಬ್ಬರ ಹೆಸರೂ ಬರಲಿ ಎಂದೆ. ಮಾವ ಎಲೆ ಬಾಯಿಗಿಟ್ಟುಕೊಂಡು ಎದ್ದು ಹೋದರು.

ಆಗಸ್ಟ್ 4

ಎರಡು ಹೆಸರು ಬರೆದುಕೊಟ್ಟೆ. ಮುದ್ದಯ್ಯ. ಕುಳ್ಳಯ್ಯ. ಇವರು ಓದಿದರು, ಹರಿದರು, ಹೊಡೆದರು. ಕಿವಿ ಇನ್ನೂ ಗುಂಯ್ ಎನ್ನುತ್ತಿದೆ. ಮದುವೆಯಾದ ಮೇಲೆ ಕೈ ಎತ್ತಿದ್ದು ಇದೇ ಮೊದಲು. ನಾನು ಇಷ್ಟಪಟ್ಟು ಮದುವೆಯಾದ ಮನುಷ್ಯ. ಮೇಲುಕೋಟೆ ಬೆಟ್ಟದ ಮೆಟ್ಟಿಲಲ್ಲಿ ನನ್ನ ಚಪ್ಪಲಿ ಕಿತ್ತುಹೋದಾಗ ತನ್ನದು ಬಿಟ್ಟುಕೊಟ್ಟು ಬರಿಗಾಲಲ್ಲಿ ಇಳಿದವರು. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅತ್ತೆ ಉಪ್ಪಿನ ಶಾಖ ಕೊಟ್ಟು, ಗಂಡಸರ ವಿಷಯಕ್ಕೆ ಬಾಯಿ ಹಾಕಬೇಡ ಎಂದರು.

ಆಗಸ್ಟ್ 8, ವರಮಹಾಲಕ್ಷ್ಮಿ

ಕಲ್ಲು ಬಂತು. ಕಪ್ಪು ಕಲ್ಲು, ಚಿನ್ನದ ಬಣ್ಣದ ಅಕ್ಷರ. ಒಂದೇ ಹೆಸರು. ತನ್ನ ತಾತನ ಹೆಸರೆಲ್ಲಿ ಎಂದು ಹೊನ್ನಪ್ಪ ಟೀ ಅಂಗಡಿಯಲ್ಲಿ ಎಲ್ಲರೆದುರು ಇವರನ್ನು ಕೇಳಿದನಂತೆ. ಇವರ ಕಡೆಯ ಹುಡುಗರು ಅವನ ಮೂಗು ಒಡೆದರಂತೆ. ನಾನು ಕಳಶದ ಮುಂದೆ ಹಾಡು ಹೇಳುತ್ತಿದ್ದೆ.

ಆಗಸ್ಟ್ 11

ಹೊನ್ನಪ್ಪನ ಹುಲ್ಲಿನ ಮೆದೆಗೆ ಬೆಂಕಿ. ದನದ ಹಟ್ಟಿಗೂ ಹತ್ತಿ ಕರು ಸುಟ್ಟುಹೋಯಿತು. ಅವನ ಹೆಂಡತಿ ಪ್ರಮೀಳಾ ಬೀದಿಯಲ್ಲಿ ಮಣ್ಣು ತೂರಿ ಶಾಪ ಹಾಕಿದಳು. ಬೀಡಿ ಕಿಡಿ ಇರಬೇಕು ಎಂದರು ಇವರು. ಇವರ ಅಂಗಿಯಲ್ಲಿ ಸೀಮೆಎಣ್ಣೆ ವಾಸನೆ. ಒಗೆದದ್ದು ನಾನೇ.

ಆಗಸ್ಟ್ 15

ಕಂಡದ್ದನ್ನು ಬರೆಯುತ್ತೇನೆ.

ಸ್ಕೂಲಿನಲ್ಲಿ ಬಾವುಟ ಹಾರಿಸಿ, ಬೂಂದಿ ಹಂಚಿ ಊರಿಗೆ ಬಂದೆ. ಕಲ್ಲಿಗೆ ಗುಂಡಿ ತೆಗೆದಿತ್ತು. ಕಲ್ಲು ಇನ್ನೂ ಟ್ರಾಕ್ಟರಿನ ಮೇಲೆ. ಮೈಕಿನಲ್ಲಿ ದೇಶಭಕ್ತಿ ಹಾಡು. ಹೊನ್ನಪ್ಪ ಬಂದ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೂಗಿಗೆ ಪಟ್ಟಿ. ಜಗಳ ತೆಗೆಯಲಿಲ್ಲ. ಗುಂಡಿಗೆ ಇಳಿದು, ಕೈಕಟ್ಟಿ ಕೂತ.

"ಸ್ವಾತಂತ್ರ್ಯ ಅಂತ ಈ ಊರಲ್ಲಿ ಸತ್ತೋನು ನಮ್ಮಜ್ಜ ಒಬ್ನೇ. ಅವನೆಸ್ರು ಬರುಸ್ರಿ, ಎದ್ದೋಯ್ತೀನಿ."

ಇವರು "ಹತ್ತಿ ಬಾರ್ಲಾ ಮ್ಯಾಕೆ" ಎಂದರು. ಅವನು ತಲೆ ಅಲ್ಲಾಡಿಸಿದ. ಹುಡುಗರು ಅವನ ಮೇಲೆ ಮಣ್ಣು ಎಳೆದರು. ಸೊಂಟದವರೆಗೂ ಬಂತು. ಆಗಲೂ ಏಳಲಿಲ್ಲ. ಯಾರೋ ನಕ್ಕರು. ಇವರ ಕೈಯಲ್ಲಿ ಹಾರೆ ಇತ್ತು. ಒಂದೇ ಏಟು. ತೆಂಗಿನಕಾಯಿ ಒಡೆದ ಹಾಗೆ ಸದ್ದು. ಬಿಳಿ ಅಂಗಿ ಕೆಂಪಾಯಿತು. ನನ್ನ ಕಾಲ ಮೇಲೂ ಸಿಡಿಯಿತು, ಬೆಚ್ಚಗಿತ್ತು. ಕಿರುಚಿದೆನಂತೆ. ನನಗೆ ನೆನಪಿಲ್ಲ.

ಅವನನ್ನು ಕಾರಿಗೆ ಹಾಕಿ ಮಂಡ್ಯದ ಆಸ್ಪತ್ರೆಗೆ ಕಳಿಸಿದರು. ಗುಂಡಿಗೆ ಹೊಸ ಮಣ್ಣು ಸುರಿದರು. ಸಂಜೆಯೊಳಗೆ ಕಲ್ಲು ನಿಂತಿತ್ತು.

ಆಗಸ್ಟ್ 17

ಪೊಲೀಸರು ಬಂದಿದ್ದರು. ಕಲ್ಲು ಇಳಿಸುವಾಗ ಜಾರಿ ತಲೆಗೆ ಬಿತ್ತು — ಇಡೀ ಊರು ಬಾಯಿಪಾಠ ಮಾಡಿದ ಹಾಗೆ ಹೇಳಿತು. ಮಾವನೂ ಹಾಗೇ ಹೇಳಿದರು, ನನ್ನ ಮುಖ ನೋಡದೆ. ಹೆಂಗಸರನ್ನು ಯಾರೂ ಕೇಳಲಿಲ್ಲ.

ಅವರು ಹೋದ ಮೇಲೆ ಇವರು ಅಡುಗೆಮನೆಗೆ ಬಂದು ನನ್ನ ಜುಟ್ಟು ಹಿಡಿದು ಕತ್ತು ಅದುಮಿದರು. "ಬಾಯ್ ಬುಟ್ರೆ ನಿನ್ನೂ ಅದೇ ಗುಂಡೀಲಿ ಹೂತಾಕ್ತೀನಿ." ಮೆಲ್ಲಗೆ ಹೇಳಿದರು. ಆಮೇಲೆ ಅನ್ನಕ್ಕೆ ಕೂತರು. ಬಡಿಸಿದೆ. ಬಡಿಸಿದ ನನ್ನ ಕೈ ಕಂಡರೆ ನನಗೇ ಹೇಸಿಗೆ.

ಆಗಸ್ಟ್ 26, ಗೌರಿ

ಅಣ್ಣ ಬಾಗಿನ ತಂದ. ನನ್ನ ಕತ್ತಿನ ಗುರುತು ನೋಡಿದ. ಬಾಳೆಹಣ್ಣು ಸಿಹಿಯಾಗಿದೆ ಎಂದ. ಬಸ್ಸಿಗೆ ಹೊತ್ತಾಯಿತು ಎಂದು ಹೋದ.

ಹೊನ್ನಪ್ಪ ಬೆಳಿಗ್ಗೆ ತೀರಿಕೊಂಡನಂತೆ. ಕಣ್ಣೇ ಬಿಡಲಿಲ್ಲವಂತೆ.

ಆಗಸ್ಟ್ 29

ಪ್ರಮೀಳಾ ಸ್ಕೂಲಿಗೆ ಬಂದಿದ್ದಳು. ಬೈದರೆ ಬೈಸಿಕೊಳ್ಳೋಣ ಎಂದುಕೊಂಡೆ. ಬೈಯಲಿಲ್ಲ.

"ನೀವು ಅಲ್ಲೇ ಇದ್ರಿ ಅಂತ ಪೊಲೀಸ್ಗೆ ಹೇಳಿವ್ನಿ. ಕಂಡಿದ್ದು ಕಂಡಂಗೆ ಹೇಳಿ ಮೇಡಂ, ಸಾಕು."

ಹೇಳುತ್ತೇನೆ ಎಂದೆ. ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ ಹೆದರಿಕೆ ಶುರುವಾಯಿತು. ಇವರು ಜೈಲಿಗೆ ಹೋದರೆ ನಾನು ಎಲ್ಲಿಗೆ? ಅಣ್ಣ ಕತ್ತಿನ ಗುರುತು ನೋಡಿಯೂ ಬಸ್ಸು ಹಿಡಿದವನು.

ಆಗಸ್ಟ್ 31, ಬೆಳಿಗ್ಗೆ

ಇನ್ಸ್‌ಪೆಕ್ಟರ್ ಫೋನ್ ಮಾಡಿದ್ದರು. ಲೇಡಿ ಕಾನ್‌ಸ್ಟೇಬಲ್ ಜೊತೆ ಮನೆಗೇ ಬರುತ್ತಾರಂತೆ. ನಮ್ಮೆಜಮಾನರು ಎಂದು ಶುರು ಮಾಡಿದೆ. "ಹಂಗಂದ್ರೆ ಬರ್ಕೊಳಾಕಾಗಲ್ಲಮ್ಮ, ಹೆಸ್ರು ಹೇಳ್ಬೇಕು" ಎಂದರು. ತಾಳಿ ಕಟ್ಟಿದ ದಿನದಿಂದ ಆ ಹೆಸರು ಬಾಯಲ್ಲಿ ಆಡಿದವಳಲ್ಲ. ಇಲ್ಲೂ ಬರೆದಿಲ್ಲ. ಅವರೆದುರು ನಾಲಿಗೆ ಏಳದೆ ಹೋದರೆ ಎಂದು ರೂಮಿನ ಚಿಲಕ ಹಾಕಿಕೊಂಡು ಬರೆದು ನೋಡುತ್ತಿದ್ದೇನೆ.

ಇವರು ಫೋನಿನ ಮಾತು ಕೇಳಿಸಿಕೊಂಡಿರಬೇಕು. ಬಾಗಿಲು ಒದೆಯುತ್ತಿದ್ದಾರೆ. ಅತ್ತೆ ಬೇಡ ಕಣೋ ಬೇಡ ಕಣೋ ಎನ್ನುತ್ತಿದ್ದಾರೆ. ಜೀಪಿನ ಸದ್ದು ಇನ್ನೂ ಇಲ್ಲ. ಚಿಲಕದ ಮೊಳೆ ಒಂದು ಬಿತ್ತು.

ಕಲ್ಲು ಜಾರಲಿಲ್ಲ. ಕಲ್ಲು ಟ್ರಾಕ್ಟರಿನ ಮೇಲಿತ್ತು. ಹೊನ್ನಪ್ಪ ಕೈಕಟ್ಟಿ ಕೂತಿದ್ದ. ನಾನು ಕಣ್ಣಾರೆ ಕಂಡೆ. ಹಾರೆಯಲ್ಲಿ ಹೊಡೆದವನು ಲೋಕೇಶ್ ಬಿನ್ ಕೆಂಪಣ್ಣ, ನನ್ನ