ನನ್ನ ಗಾಡಿಯ ನಾಲ್ಕು ಲಕ್ಷ ಕಿಲೋಮೀಟರ್ ವಾಪಸ್ ಕೊಡಿ

ಮಾನ್ಯ ವಾಹನ ತಪಾಸಣಾಧಿಕಾರಿಗಳೇ,

ನಿಮ್ಮ ಕಚೇರಿಯ ಸಾಲಿನಲ್ಲಿ ನಿಂತವರೆಲ್ಲ ತಮ್ಮ ಗಾಡಿಯ ವಯಸ್ಸು ಸ್ವಲ್ಪ ಕಡಿಮೆ ಕಾಣಲಿ ಎಂದು ಒಳಗೊಳಗೇ ಹರಕೆ ಹೊತ್ತಿರುತ್ತಾರೆ. ನಾನೊಬ್ಬ ಮಾತ್ರ ನನ್ನ ಗಾಡಿಯನ್ನು ಮುದಿ ಮಾಡಿಕೊಡಿ ಎಂದು ಎರಡು ತಿಂಗಳಿಂದ ಬೇಡುತ್ತಿದ್ದೇನೆ, ನೀವು ಒಪ್ಪುತ್ತಿಲ್ಲ. ಸ್ಟೇಷನ್ ವ್ಯಾಗನ್ ಎಂಬ ನನ್ನ ಉದ್ದ ಬೆನ್ನಿನ ಕಾರು ನನ್ನ ಕೈಗೆ ಬರುವ ಹೊತ್ತಿಗೆ ಓಡಿದ್ದು ನಾಲ್ಕು ಲಕ್ಷದ ಹದಿಮೂರು ಸಾವಿರದ ಇನ್ನೂರ ಅರವತ್ತೆಂಟು ಕಿಲೋಮೀಟರ್. ಈಗ ಅದರ ಮೀಟರ್ ತೋರಿಸುತ್ತಿರುವುದು ಎಪ್ಪತ್ತೆರಡು. ಇದಕ್ಕೆ ಕಾರಣ ನಾನೇ ಎಂದು ಮೊದಲ ದಿನವೇ ಒಪ್ಪಿಕೊಂಡಿದ್ದೇನೆ. ಸರಿಪಡಿಸಲು ಬಿಡಿ ಎಂದರೆ, ಮತ್ತೆ ಮುಟ್ಟಿದರೆ ಎರಡನೇ ಅಪರಾಧವಾಗುತ್ತದೆ ಎಂದು ಮೀಟರಿನ ಮೇಲೆ ಮೊಹರು ಅಂಟಿಸಿದ್ದೀರಿ. ಮೂರು ಅರ್ಜಿ ಕೊಟ್ಟೆ, ಮೂರಕ್ಕೂ "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂತು. ಅದಕ್ಕೇ ಊರೆಲ್ಲ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ. ನನ್ನ ಮರ್ಯಾದೆಯ ವಿಷಯ ಹೇಗೂ ಊರಿಗೆಲ್ಲ ಗೊತ್ತಾಗಿದೆ.

ನಾನು ಗಡಿಯಾರ ರಿಪೇರಿ ಮಾಡುವವನು. ಮೂವತ್ತೊಂದು ವರ್ಷಗಳಿಂದ ಒಂದೇ ಬೀದಿಯಲ್ಲಿ, ಮಂಚದಷ್ಟಗಲದ ಒಂದೇ ಅಂಗಡಿಯಲ್ಲಿ, ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದೇನೆ. ಸಾಸಿವೆ ಕಾಳಿಗಿಂತ ದೊಡ್ಡ ತಿರುಪು ಕಂಡರೆ ಗಾಬರಿಯಾಗುವ ಇಂಥವನು ಐವತ್ತೆಂಟನೇ ವಯಸ್ಸಿನಲ್ಲಿ ಮೂರು ದಶಕ ಹಳೆಯ ಟರ್ಬೊ ಗಾಡಿ ಕೊಂಡದ್ದೇಕೆ? ನನ್ನ ಹೆಂಡತಿ ಕೇಳಿದಳು. ಅವಳ ತಮ್ಮ ಕೇಳಿದ. ಇರಲಾರದೆ ಇರುವೆ ಬಿಟ್ಟುಕೊಂಡ ಎಂಬ ಗಾದೆಯನ್ನು ನಮ್ಮ ಹಿರಿಯರು ನನ್ನಂಥವನನ್ನು ನೋಡಿಯೇ ಕಟ್ಟಿರಬೇಕು. ಟರ್ಬೊ ಎಂದರೇನೆಂದೂ ಆಗ ನನಗೆ ಗೊತ್ತಿರಲಿಲ್ಲ. ಎಂಜಿನ್ನಿಗೆ ಗಾಳಿ ಊದಿ ದಮ್ಮು ಕೊಡುವ ಸಾಧನ ಎಂದು ಮೆಕಾನಿಕ್ ಆಮೇಲೆ ಹೇಳಿಕೊಟ್ಟ.

"ನಾಲ್ಕು ಲಕ್ಷ ಓಡಿದೆಯಂತೆ, ಪಾಪ ಅದಕ್ಕೂ ರಿಟೈರ್ ಆಗೋ ಆಸೆ ಇರಲ್ವಾ?" ಎಂದಳು ಹೆಂಡತಿ. "ಓಡಿದ ಗಾಡಿ ಕಣೇ, ನಿಂತ ಗಾಡಿಗಿಂತ ಓಡಿದ್ದು ಮೇಲು," ಎಂದು ಯಾರದೋ ಬಾಯಲ್ಲಿ ಕೇಳಿದ್ದ ಮಾತನ್ನು ಜಂಬದಿಂದ ಹೇಳಿದೆ. ಅವಳು ನಕ್ಕು ಒಳಗೆ ಹೋದಳು.

ಗಾಡಿ ಇದ್ದದ್ದು ನರ್ಸಮ್ಮನ ಮನೆಯಲ್ಲಿ. ಹೆರಿಗೆ ಮಾಡಿಸುವುದು ಆಕೆಯ ಕೆಲಸ. ಸುತ್ತಲಿನ ಊರುಗಳಲ್ಲಿ ಬಸ್ಸು ಹೋಗದ ಕಡೆಗೆಲ್ಲ ಆಕೆ ಸ್ವಂತ ಗಾಡಿಯಲ್ಲಿ ಹೋಗುತ್ತಿದ್ದರು, ನಿವೃತ್ತಿಯಾದ ಮೇಲೂ ಕರೆ ಬಂದರೆ ಬೀಗದ ಕೈ ಹುಡುಕುತ್ತಿದ್ದರು. ಈಗ ಆಕೆಗೆ ಎಪ್ಪತ್ತೊಂಬತ್ತು, ಮಂಡಿ ನೋವು, ತಂಗಿಯ ಮಗಳು ನೋಡಿಕೊಳ್ಳುತ್ತಾಳೆ. ಗೋಡೆ ಗಡಿಯಾರ ಸರಿಮಾಡಲು ಹೋದ ನಾನು ಹಿತ್ತಲಿನಲ್ಲಿ ಟಾರ್ಪಾಲಿನ ಕೆಳಗಿಂದ ಚಾಚಿಕೊಂಡಿದ್ದ ಆ ಉದ್ದ ಬೆನ್ನಿನ ಗಾಡಿ ನೋಡಿ, "ಇಷ್ಟುದ್ದ ಯಾಕೆ ನರ್ಸಮ್ಮ?" ಎಂದೆ.

"ಬಸುರಿಯನ್ನ ಮಲಗಿಸಿಕೊಂಡು ಬರೋಕೆ ಜಾಗ ಬೇಡ್ವಾ?"

"ಸರಿ, ಹಿಂದೆ ಟರ್ಬೊ ಅಂತ ಬರೆದಿದೆಯಲ್ಲ, ಅದ್ಯಾಕೆ?"

"ಮಗು ನನಗೋಸ್ಕರ ಕಾಯ್ತಾ ಕೂರುತ್ತೇನಪ್ಪ?"

ಅಷ್ಟು ಸಾಕಾಯಿತು, ನಾನು ಬಿದ್ದೆ. ಕೊಡುವಾಗ ಆಕೆ ಹಾಕಿದ್ದು ಒಂದೇ ಷರತ್ತು. "ನಾನು ಬರೆದಿಟ್ಟಿದ್ದ ರಿಜಿಸ್ಟರುಗಳನ್ನೆಲ್ಲ ಆಸ್ಪತ್ರೆ ಹೊಸ ಕಟ್ಟಡಕ್ಕೆ ಹೋಗುವಾಗ ರದ್ದಿಗೆ ಹಾಕಿಬಿಟ್ರು. ಎಷ್ಟು ಮನೆಗೆ ಹೋದೆ, ಎಷ್ಟು ಮಕ್ಕಳನ್ನ ಹಿಡಿದೆ, ಒಂದಕ್ಕೂ ಕಾಗದ ಇಲ್ಲ. ಉಳಿದಿರೋದು ಈ ಮೀಟರೊಂದೇ. ಹೋದ ವರ್ಷ ಅದೂ ನಿಂತೋಯ್ತು, ಆ ವಾರವೇ ನಾನೂ ಓಡಿಸೋದು ಬಿಟ್ಟೆ. ಗಾಡಿಗೆ ಏನ್ ಬೇಕಾದ್ರೂ ಮಾಡ್ಕೋ. ಮೀಟರ್ ಮಾತ್ರ ಅಲ್ಲಿಂದಲೇ ಮುಂದಕ್ಕೆ ಓಡೋ ಹಾಗೆ ಮಾಡು." ನಾನು ಅಂದೆ: "ಅದೇನು ಮಹಾ ಕೆಲಸ ನರ್ಸಮ್ಮ, ಎಡಗೈಯಲ್ಲಿ ಮಾಡ್ತೀನಿ." ಮಾನ್ಯರೇ, ಈ ಮಾತನ್ನು ನಿಮ್ಮ ಕಡತದಲ್ಲಿ ಸೇರಿಸಿಕೊಳ್ಳಿ. ನನ್ನ ವಿರುದ್ಧ ಇದಕ್ಕಿಂತ ಬಲವಾದ ಸಾಕ್ಷ್ಯ ನಿಮಗೆ ಸಿಗುವುದಿಲ್ಲ.

ದುರಸ್ತಿ ಹದಿನಾಲ್ಕು ತಿಂಗಳು ನಡೆಯಿತು. ನಮ್ಮ ಬೀದಿಯ ಕೊನೆಯಲ್ಲಿ ಶೆಡ್ಡು ಇಟ್ಟುಕೊಂಡಿರುವ ಮೆಕಾನಿಕ್ ಮೊದಲ ದಿನ ಬಾನೆಟ್ ಎತ್ತಿ ನೋಡಿ, ಮೆಲ್ಲಗೆ ಇಳಿಸಿ, "ಮನೇಲಿ ಹೇಳಿದೀರಾ?" ಎಂದು ಕೇಳಿದ. ಸ್ಟಾರ್ಟ್ ಮಾಡಿದಾಗ ಟರ್ಬೊದಿಂದ ಸೋರಿದ ಎಣ್ಣೆ ಸುಟ್ಟು ಎದ್ದ ನೀಲಿ ಹೊಗೆಗೆ ಎದುರು ಮನೆಯವರು ಒಣಗಲು ಹಾಕಿದ್ದ ಬಟ್ಟೆಗಳನ್ನು ಬಾಚಿಕೊಂಡು ಒಳಗೋಡಿದರು. ರಬ್ಬರ್ ಪೈಪುಗಳು ಕೈಯಿಟ್ಟರೆ ಒಣ ಎಲೆಯಂತೆ ಪುಡಿಯಾದವು. ಒಳಚಾವಣಿಯ ಬಟ್ಟೆ ಜೋತುಬಿದ್ದು ನನ್ನ ಬೋಳುತಲೆಯನ್ನು ಸವರುತ್ತಿತ್ತು. ಹಿಂಬಾಗಿಲನ್ನು ಎತ್ತಿ ಹಿಡಿಯಬೇಕಾದ ಕೊಳವೆಗಳು ಎಂದೋ ಪ್ರಾಣ ಬಿಟ್ಟಿದ್ದವು, ಬಾಗಿಲು ಮೂರು ಸಲ ನನ್ನ ನೆತ್ತಿಯ ಮೇಲೆ ಬಿತ್ತು. ಮೂರನೇ ಸಲ ಹೆಂಡತಿ ಐಸ್ ತಂದಿಟ್ಟು, "ಒಳಗೇನಾದ್ರೂ ಸರಿಹೋಯ್ತಾ ನೋಡ್ಕೊಳ್ಳಿ," ಎಂದಳು. ನಾನೋ, ಬಿಚ್ಚಿದ ಒಂದೊಂದು ಬೋಲ್ಟನ್ನೂ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸುತ್ತಿದ್ದೆ. "ಸಾರ್, ಇದು ಗಾಡಿ, ಒಡವೆ ಅಲ್ಲ. ನೀವು ಹಿಂಗೆ ಮಾಡಿದ್ರೆ ಇಬ್ಬರೂ ಇಲ್ಲೇ ಮುದುಕರಾಗ್ತೀವಿ," ಎಂದು ಮೆಕಾನಿಕ್ ಕೈಮುಗಿದ. ಕೊನೆಗೊಂದು ದಿನ ಹೊಗೆಯಿಲ್ಲದೆ ಎಂಜಿನ್ ಎದ್ದು, ಟರ್ಬೊ ಸಣ್ಣಗೆ ಶಿಳ್ಳೆ ಹಾಕಿತು. ನನಗೆ ಅಳು ಬಂತು. ಇಂಥ ಸಂತೋಷ ಮದುವೆಯಾದಾಗಲೂ ಆಗಿರಲಿಲ್ಲ ಎಂದು ಹೇಳಬಾರದಾಗಿತ್ತು, ಹೇಳಿಬಿಟ್ಟೆ. ಎರಡು ದಿನ ಮನೆಯಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ.

ಮೀಟರನ್ನು ಮಾತ್ರ ಮೆಕಾನಿಕ್ಕಿಗೆ ಮುಟ್ಟಲು ಬಿಡಲಿಲ್ಲ. ಅದು ನನ್ನ ಜಾತಿಯ ಕೆಲಸವಲ್ಲವೇ? ಅಂಗಡಿಗೆ ತಂದು ಬಿಚ್ಚಿದೆ. ಬಿರುಕುಬಿಟ್ಟಿದ್ದ ಒಂದು ಪುಟ್ಟ ಪ್ಲಾಸ್ಟಿಕ್ ಹಲ್ಲುಚಕ್ರದ ಜಾಗಕ್ಕೆ ಹಿತ್ತಾಳೆಯದನ್ನು ಅರದಿಂದ ಉಜ್ಜಿ ಕೂರಿಸಿದೆ. ಅಂಕಿಗಳಿರುವ ಆರು ಚಕ್ರಗಳನ್ನೂ ಕಳಚಿ ತೊಳೆದು ಒಣಗಿಸಿದೆ. ಈಗ ನಮ್ಮ ಕಸುಬಿನ ಒಂದು ಪದ್ಧತಿ ಹೇಳಬೇಕು. ಗಡಿಯಾರವನ್ನು ಬಿಚ್ಚಿ ಜೋಡಿಸಿದ ಮೇಲೆ ನಾವು ಮುಳ್ಳುಗಳೆರಡನ್ನೂ ಹನ್ನೆರಡಕ್ಕೆ ತಂದು ನಿಲ್ಲಿಸುತ್ತೇವೆ. ಒಂದರ ಮೇಲೊಂದು ನೇರ ಕೂತರೆ ಕೆಲಸ ಸರಿಯಾಗಿದೆ ಎಂದರ್ಥ. ಹಾಗೆ ನೋಡದೆ ಮುಚ್ಚಳ ಹಾಕಿದವನಿಗೆ ನನ್ನ ಗುರುಗಳು ಅವತ್ತು ಕೂರಲು ಸ್ಟೂಲು ಕೊಡುತ್ತಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು, ಕಲಿತ ಕೈ ತೊಳೆದರೂ ಬಿಡದು. ನನ್ನ ಕೈ ತನ್ನಷ್ಟಕ್ಕೆ ಆರು ಚಕ್ರಗಳ ಆರು ಸೊನ್ನೆಗಳನ್ನು ಒಂದೇ ಸಾಲಿಗೆ ತಂದು ನಿಲ್ಲಿಸಿತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆಹಾ, ಏನು ಕೆಲಸ ಎಂದು ನನ್ನನ್ನೇ ಮೆಚ್ಚಿಕೊಂಡು ಮುಚ್ಚಳ ಬಿಗಿದೆ. ಮರುದಿನ ಗಾಡಿಗೆ ಸಿಕ್ಕಿಸಿ ಅರ್ಹತಾಪತ್ರದ ತಪಾಸಣೆಗೆಂದು ನೇರ ನಿಮ್ಮಲ್ಲಿಗೆ ತಂದೆ.

ನೀವು ಟಾರ್ಚ್ ಹಾಕಿ ಮೀಟರ್ ನೋಡಿದಿರಿ. ಕೈಯಲ್ಲಿದ್ದ ಹಿಂದಿನ ತಪಾಸಣೆಯ ಕಾಗದ ನೋಡಿದಿರಿ. ಆಮೇಲೆ ನನ್ನ ಮುಖ ನೋಡಿ, "ಏನ್ ಸಾರ್, ಶೋರೂಮಿಂದ ಸೀದಾ ಇಲ್ಲಿಗೇ ಬಂದ್ರಾ?" ಎಂದಿರಿ. ನಾನು ಬಗ್ಗಿ ನೋಡಿದೆ. ಆರು ಕಿಲೋಮೀಟರ್ ತೋರಿಸುತ್ತಿತ್ತು, ನನ್ನ ಮನೆಯಿಂದ ನಿಮ್ಮ ಕಚೇರಿಗೆ ಅಷ್ಟೇ ದೂರ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲಿನ ಜೊತೆಗೆ ಜೇಬಿನಲ್ಲಿದ್ದ ಚಿಮುಟವನ್ನೂ ಮುಟ್ಟಿ ನೋಡಿಕೊಂಡೆ, ನೀವು ಅದನ್ನೂ ಕಂಡಿರಿ. "ಮಾಲೀಕರು ವಾಹನದ ಮೌಲ್ಯ ಹೆಚ್ಚಿಸುವ ದುರುದ್ದೇಶದಿಂದ ಮಾಪಕವನ್ನು ತಿದ್ದಿರುತ್ತಾರೆ" ಎಂದು ವರದಿ ಬರೆದಿರಿ. ಅಲ್ಲ ಸ್ವಾಮಿ, ಒಂದು ಬಾಗಿಲು ಬೇರೆ ಬಣ್ಣದ್ದು, ಸೀಟಿನ ತುಂಬ ಆಸ್ಪತ್ರೆಯ ವಾಸನೆ, ಸ್ಟೇರಿಂಗಿನ ಮೇಲೆ ಇಬ್ಬೆರಳಗಲ ಸವೆದ ಗುಂಡಿ. ಈ ಗಾಡಿ ನಿನ್ನೆ ಕಾರ್ಖಾನೆಯಿಂದ ಹೊರಬಿತ್ತೆಂದು ನಂಬುವ ಗಿರಾಕಿ ಈ ಭೂಮಿಯ ಮೇಲೆ ಇದ್ದಾನೆಯೇ? ಇದ್ದರೆ ದಯವಿಟ್ಟು ನನ್ನ ಅಂಗಡಿಗೆ ಕಳಿಸಿ. ನಡೆಯದ ಗಡಿಯಾರಗಳು ಬೇಕಾದಷ್ಟಿವೆ.

ಮನೆಗೆ ಬಂದು ವಿಷಯ ಹೇಳಿದಾಗ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು, "ಗಡಿಯಾರ ಒಂದು ನಿಮಿಷ ಹಿಂದೆ ಬಿದ್ರೆ ಊಟ ಬಿಟ್ಟು ಕೂರ್ತೀರಿ. ನಾಲ್ಕು ಲಕ್ಷ ಕಿಲೋಮೀಟರ್ ಎಲ್ಲಿ ಬೀಳಿಸ್ಕೊಂಡು ಬಂದ್ರಿ?" ಎಂದಳು. ನಿಮ್ಮ ಸೂಚನಾ ಫಲಕದಲ್ಲಿ ನನ್ನ ಗಾಡಿಯ ನಂಬರಿನ ಜೊತೆ ಅಂಗಡಿಯ ವಿಳಾಸವನ್ನೂ ಹಾಕಿದ್ದೀರಿ. ಪಕ್ಕದ ಕ್ಷೌರದಂಗಡಿಯವನು, "ಅಣ್ಣಾ, ನನ್ನ ವಯಸ್ಸೂ ಒಂದಿಪ್ಪತ್ತು ವರ್ಷ ಹಿಂದಕ್ಕೆ ತಿರುಗಿಸಿಕೊಡು," ಎನ್ನುತ್ತಾನೆ. ಇಪ್ಪತ್ತು ವರ್ಷದ ಗಿರಾಕಿಯಾದ ಮೇಷ್ಟ್ರೊಬ್ಬರು ರಿಪೇರಿಗೆ ಕೊಟ್ಟಿದ್ದ ಕೈಗಡಿಯಾರವನ್ನು ವಾಪಸ್ ಪಡೆದು, "ತಪ್ಪು ತಿಳ್ಕೋಬೇಡಿ," ಎಂದು ಹೋದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಂತೆ. ಹೋಗಲಿ, ನನ್ನ ಮಾನ ನನ್ನ ಕೈಯಿಂದಲೇ ಹೋದದ್ದು, ಅದನ್ನು ನಿಮ್ಮ ಹತ್ತಿರ ಕೇಳುವುದಿಲ್ಲ.

ಕೇಳುವುದು ಬೇರೆಯದು. ಮೂರನೇ ಕೌಂಟರಿನ ನಿಮ್ಮ ಗುಮಾಸ್ತರಿಗೆ ನಾನು ಕೈಮುಗಿದು ವಿವರಿಸಿದೆ. ಆತ ಒಳ್ಳೆಯ ಮನುಷ್ಯ, ಕಪಾಟೆಲ್ಲ ಹುಡುಕಿದರು. "ಇಳಿಸಿದ್ರೆ ದಂಡ ಹಾಕೋಕೆ ಫಾರಂ ಇದೆ ಸಾರ್. ಏರಿಸೋಕೆ ಫಾರಮ್ಮೇ ಇಲ್ಲ. ಇದುವರೆಗೂ ಯಾರೂ ಕೇಳಿಲ್ಲ," ಎಂದರು. ಹಾಗಾದರೆ ನಾನೇನು ಮಾಡಲಿ ಎಂದೆ. "ಓಡಿಸಿ ಸಾರ್. ಓಡಿಸ್ತಾ ಓಡಿಸ್ತಾ ತಾನಾಗೇ ಬರುತ್ತೆ." ಲೆಕ್ಕ ಹಾಕಿದೆ. ದಿನಕ್ಕೆ ಇಪ್ಪತ್ತು ಕಿಲೋಮೀಟರಿನಂತೆ, ಒಂದು ದಿನವೂ ರಜೆಯಿಲ್ಲದೆ, ಐವತ್ತಾರೂವರೆ ವರ್ಷ. ನನಗಾಗ ನೂರಾ ಹದಿನೈದು ದಾಟಿರುತ್ತದೆ. ಅದಕ್ಕೂ ಸಿದ್ಧನಿದ್ದೆ. ಆದರೆ ಅರ್ಹತಾಪತ್ರವಿಲ್ಲದ ಗಾಡಿಯನ್ನು ವಿಚಾರಣೆಗಾಗಿ ನಿಮ್ಮ ಕಚೇರಿಗೆ ತರುವುದಕ್ಕೆ ಮಾತ್ರ ಓಡಿಸಬಹುದೆಂದು ನಿಮ್ಮದೇ ಆದೇಶವಿದೆ. ಹೀಗಾಗಿ ಮೀಟರಿನಲ್ಲಿರುವ ಎಪ್ಪತ್ತೆರಡೂ ನಿಮ್ಮಲ್ಲಿಗೆ ಆರು ಸಲ ಅಲೆದದ್ದು.

ಈ ಎರಡು ತಿಂಗಳೂ ನರ್ಸಮ್ಮ ವಾರಕ್ಕೊಮ್ಮೆ ಫೋನ್ ಮಾಡಿ, "ಮೀಟರ್ ಓಡ್ತಿದೆಯೇನಪ್ಪ?" ಎನ್ನುತ್ತಿದ್ದರು. "ಓಡ್ತಿದೆ ನರ್ಸಮ್ಮ," ಎನ್ನುತ್ತಿದ್ದೆ. ಎಲ್ಲಿಂದ ಓಡುತ್ತಿದೆ ಎಂದು ಆಕೆ ಕೇಳಲಿಲ್ಲ, ನಾನು ಹೇಳಲಿಲ್ಲ. ನಾಚಿಕೆಯಾಗುತ್ತದೆ ಬರೆಯಲು. ಹೋದ ಗುರುವಾರ ಆಕೆ ತಂಗಿಯ ಮಗಳ ಕೈ ಹಿಡಿದುಕೊಂಡು ಅಂಗಡಿಗೇ ಬಂದುಬಿಟ್ಟರು. ಒಂದು ಸುತ್ತು ಹೋಗೋಣ ಎಂದರು. ನನಗೆ ಅನುಮತಿ ಇರುವ ದಾರಿ ಒಂದೇ, ನಿಮ್ಮ ಕಚೇರಿಯ ದಾರಿ. ಮೀಟರಿನ ಮೇಲೆ ಕರವಸ್ತ್ರ ಹೊದಿಸಿ ಹೊರಟೆ. ಟರ್ಬೊ ಶಿಳ್ಳೆ ಹಾಕಿದಾಗ ಆಕೆಯ ಮುಖ ಅರಳಿತು. ಬಾಗಿಲ ಹಿಡಿಯನ್ನು, ಗೇರಿನ ಗುಂಡನ್ನು ಒಂದೊಂದಾಗಿ ಮುಟ್ಟಿ ನೋಡಿದರು. ನಿಮ್ಮ ಅಂಗಳದಲ್ಲಿ ಗಾಡಿ ನಿಲ್ಲಿಸಿದಾಗ ಕರವಸ್ತ್ರ ಎತ್ತಿದರು.

ಬಗ್ಗಿ ಅಂಕಿಗಳನ್ನು ಓದಿದರು. ನಾನು ನಡೆದದ್ದನ್ನೆಲ್ಲ ತೊದಲುತ್ತ ಹೇಳಿದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಬೈಯಲಿಲ್ಲ. "ನೀನು ಬೇಕಂತ ಮಾಡಿಲ್ಲ ಬಿಡಪ್ಪ," ಎಂದರು. ಕರವಸ್ತ್ರವನ್ನು ಮಡಚಿ ನನ್ನ ಕೈಗಿಟ್ಟು, "ಆದ್ರೆ ಇದನ್ನ ನೋಡ್ತಿದ್ರೆ, ನಾನು ಮನೆ ಬಿಟ್ಟು ಎಲ್ಲೂ ಹೋಗೇ ಇಲ್ಲವೇನೋ ಅನ್ಸುತ್ತೆ," ಎಂದರು. ಅವತ್ತಿನಿಂದ ಫೋನ್ ಮಾಡಿಲ್ಲ.

ಮಾನ್ಯರೇ, ನನ್ನ ಬೇಡಿಕೆ ಇಷ್ಟು. ನನಗೆ ದಂಡ ಹಾಕಿ. ತಿದ್ದಿದವನು, ಮೋಸಗಾರ, ಏನು ಬೇಕಾದರೂ ಬರೆಯಿರಿ, ಫಲಕದಿಂದ ನನ್ನ ವಿಳಾಸ ತೆಗೆಯುವುದೂ ಬೇಡ. ಆದರೆ ಆಸ್ಪತ್ರೆಯವರು ರದ್ದಿಗೆ ಹಾಕಿದಂಥ ದಾಖಲೆಯೊಂದು ನಿಮ್ಮ ಕಪಾಟಿನಲ್ಲಿ ಹಾಗೆಯೇ ಉಳಿದಿದೆ. ಪ್ರತಿ ತಪಾಸಣೆಯಲ್ಲೂ ಆ ಗಾಡಿ ಎಷ್ಟು ಓಡಿತ್ತು ಎಂದು ನಿಮ್ಮ ಕಚೇರಿಯೇ ಬರೆದು, ಸಹಿ ಹಾಕಿ, ಮೊಹರು ಒತ್ತಿದೆ. ಆ ಕಾಗದಗಳನ್ನು ಎದುರಿಗಿಟ್ಟುಕೊಂಡು ಒಂದು ಗಂಟೆ ನನ್ನ ಪಕ್ಕದಲ್ಲಿ ನಿಲ್ಲಿ, ನಾನು ಚಕ್ರಗಳನ್ನು ಅವುಗಳ ಜಾಗಕ್ಕೆ ತಿರುಗಿಸುತ್ತೇನೆ. ನನ್ನ ಎಪ್ಪತ್ತೆರಡನ್ನು ಸೇರಿಸಬೇಕೋ ಬೇಡವೋ ನೀವೇ ತೀರ್ಮಾನಿಸಿ. ಫಾರಂ ಇಲ್ಲದಿದ್ದರೆ ಬಿಳಿ ಹಾಳೆಯ ಮೇಲೆ ಬರೆದುಕೊಡಿ, ನಾನೇ ಚೌಕಟ್ಟು ಹಾಕಿಸಿ ಆಕೆಗೆ ತಲುಪಿಸುತ್ತೇನೆ. ಆಕೆ ಹೋಗಿದ್ದರು, ಮಾನ್ಯರೇ. ಕರೆದವರ ಮನೆಗೆಲ್ಲ, ಕರೆದಾಗಲೆಲ್ಲ ಹೋಗಿದ್ದರು. ಹಾಗೆಂದು ಬರೆದುಕೊಡಿ.

ಇಂತಿ,
ಊರಿನವರಿಗೆಲ್ಲ ಹೊತ್ತು ಸರಿಮಾಡಿಕೊಟ್ಟು, ತನ್ನ ಹೆಸರಿಗೆ ತಾನೇ ಆರು ಸೊನ್ನೆ ಸುತ್ತಿಕೊಂಡಿರುವ,
ಗಡಿಯಾರ ರಿಪೇರಿಯವನು